ಜರ್ಮನಿಯ ವಾಸ, ತುಮಕೂರಿನ ದಾಖಲೆ: ನನ್ನ ಅನುಭವ

ಜರ್ಮನಿಯಲ್ಲಿ ವರ್ಷಗಟ್ಟಲೆ ಇರಬೇಕಾದವರ ಕಾಗದಪತ್ರದ ಕೆಲಸದಲ್ಲಿ ಅರ್ಧದಷ್ಟು ನಡೆಯುವುದು ನಮ್ಮ ತುಮಕೂರು ಜಿಲ್ಲೆಯಲ್ಲೇ. ಅಲ್ಲಿನ ವಲಸೆ ಕಚೇರಿ ಕೇಳುವ ಜನನ ಪತ್ರ, ಮದುವೆ ಪತ್ರಗಳ ಮೂಲ ನಮೂದು ಗುಬ್ಬಿಯಲ್ಲೋ ಶಿರಾದಲ್ಲೋ ಯಾವುದೋ ರಿಜಿಸ್ಟರಿನಲ್ಲಿ ಕೂತಿರುತ್ತದೆ. ಅದಕ್ಕೇ ನಾನು ಹಿಡಿದ ಕ್ರಮ ಹೀಗಿದೆ: ಊರಿನ ದಾಖಲೆಗಳೆಲ್ಲ ಒಂದಕ್ಕೊಂದು ತಾಳೆಯಾಗುವಂತೆ ಮಾಡಿಕೊಂಡೇ ವಿಮಾನ ಹತ್ತುವುದು, ಅಲ್ಲಿಗೆ ಹೋದಮೇಲೆ ಗಡುವುಗಳ ಕಡೆ ಕಣ್ಣಿಡುವುದು. ವಿದೇಶದಲ್ಲಿ ಕೂತು ಊರಿನ ದಾಖಲೆ ತಿದ್ದಿಸುವುದು ಬಲು ಕಷ್ಟ. ಅರ್ಜಿದಾರರೇ ಬರಲಿ ಅನ್ನುವ ಕಚೇರಿಗಳೇ ಜಾಸ್ತಿ.

ಮೊದಲು ಹೆಸರು ನೋಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ನಾಗರಾಜು ಟಿ. ಆರ್.’ ಅಂತಿರುತ್ತದೆ. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಅಲ್ಲಿ ‘ತಿಪಟೂರು ರಂಗಪ್ಪ ನಾಗರಾಜು’ ಆಗುತ್ತದೆ. ಜನನ ಪತ್ರದಲ್ಲಿ ಬರೀ ‘ನಾಗರಾಜ’, ಹಳೆಯದಾದರೆ ಹೆಸರೇ ಇಲ್ಲದೆ ‘ಗಂಡು ಮಗು’. ನಮಗೆ ಇವೆಲ್ಲ ಒಬ್ಬನೇ ಮನುಷ್ಯ, ಜರ್ಮನ್ ಅಧಿಕಾರಿಗೆ ಮೂವರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರಂತೂ ಬ್ಯಾಂಕು ಒಂದು ಥರ, ವಿಮೆಯವರು ಇನ್ನೊಂದು ಥರ ಹೆಸರು ಒಡೆದು ಬರೆದುಕೊಳ್ಳುತ್ತಾರೆ. ಸರ್‌ನೇಮ್, ಗಿವನ್ ನೇಮ್ ಎರಡೂ ತುಂಬಿದ ಪಾಸ್‌ಪೋರ್ಟನ್ನು ವೀಸಾ ಅರ್ಜಿಗೆ ಮುಂಚೆಯೇ ಮರುವಿತರಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅಪ್ಪ ಅಮ್ಮನ ಹೆಸರಿನ ಇಂಗ್ಲಿಷ್ ಕಾಗುಣಿತವೂ ಎಲ್ಲ ಕಡೆ ಒಂದೇ ಇರಲಿ. ಮುಂದೆ ಜರ್ಮನಿಯಲ್ಲಿ ಮಗು ಹುಟ್ಟಿದರೆ ಅಲ್ಲಿನ ನೋಂದಣಿ ಕಚೇರಿ, ಅಂದರೆ ಸ್ಟಾಂಡೆಸ್‌ಆಮ್ಟ್, ಗಂಡ ಹೆಂಡತಿ ಇಬ್ಬರದೂ ಜನನ ಪತ್ರ ಮತ್ತು ಮದುವೆ ಪತ್ರ ಕೇಳುತ್ತದೆ. ಆಗ ಅಜ್ಜ ಅಜ್ಜಿಯರ ಹೆಸರಿನ ಒಂದಕ್ಷರ ವ್ಯತ್ಯಾಸದಿಂದಲೂ ಮಗುವಿನ ಪತ್ರ ನಿಂತುಹೋಗಬಹುದು.

ನಮ್ಮ ಜಿಲ್ಲೆಯವರಿಗೇ ಇನ್ನೊಂದು ತೊಡಕಿದೆ. 2014ರ ನವೆಂಬರ್ 1ರಿಂದ ಊರಿನ ಹೆಸರಿನ ಇಂಗ್ಲಿಷ್ ಬರಹ ತುಮ್ಕೂರ್ ಹೋಗಿ ತುಮಕೂರು ಆಯಿತು. ಹಳೆಯ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಮೊದಲಿನ ರೂಪದಲ್ಲಿ, ಹೊಸದಾಗಿ ತೆಗೆಸಿದ ಜನನ ಪತ್ರದಲ್ಲಿ ಈಗಿನ ರೂಪದಲ್ಲಿ ಇರುತ್ತದೆ. ಬೆಂಗಳೂರು, ಮೈಸೂರಿಗೂ ಅದೇ ದಿನ ಹೀಗೇ ಆಯಿತು. ಆದರೆ ಆ ಊರುಗಳ ಹೆಸರು ಅಲ್ಲಿನವರ ಕಿವಿಗೆ ಬಿದ್ದಿರುತ್ತದೆ, ನಮ್ಮದು ಬಿದ್ದಿರುವುದಿಲ್ಲ. ಎರಡೂ ಒಂದೇ ಊರು, ಸರ್ಕಾರವೇ ಹೆಸರು ಬದಲಿಸಿದ್ದು ಎಂದು ನಾಲ್ಕು ಸಾಲಿನ ಪತ್ರ ಬರೆದು, ಹೆಸರು ಬದಲಾವಣೆಯ ಅಧಿಸೂಚನೆಯ ಪ್ರತಿಯ ಜೊತೆ ಅರ್ಜಿಗೆ ಲಗತ್ತಿಸಿ. ಅವರು ಕೇಳುವವರೆಗೂ ಕಾಯಬೇಡಿ.

ಜನನ ಪತ್ರ ಇಲ್ಲದವರೂ ಬೇಕಾದಷ್ಟಿದ್ದಾರೆ. ಹಳ್ಳಿಯಲ್ಲಿ, ಮನೆಯಲ್ಲೇ ಹುಟ್ಟಿದವರ ನಮೂದು ಸಿಕ್ಕರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಹಳೆಯ ರಿಜಿಸ್ಟರಿನಲ್ಲೇ ಸಿಗಬೇಕು. ಅದಕ್ಕೆ ಹುಟ್ಟಿದ ವರ್ಷವಷ್ಟೇ ಸಾಲದು, ಗ್ರಾಮ, ಹೋಬಳಿ, ತಂದೆಯ ಹೆಸರು ಕೊಟ್ಟು, ಹಿಂದಿನ ಮುಂದಿನ ಒಂದೆರಡು ವರ್ಷವನ್ನೂ ಹುಡುಕಿಸಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ತಾರೀಖೇ ಬೇರೆ, ರಿಜಿಸ್ಟರಿನಲ್ಲಿರುವುದೇ ಬೇರೆ ಆಗಿರುವುದುಂಟು. ಎಲ್ಲೂ ಸಿಗದಿದ್ದರೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರ ಪಡೆದು, ತಡವಾದ ನೋಂದಣಿಗೆ ಅರ್ಜಿ ಹಾಕಬೇಕು. ಹುಟ್ಟಿ ವರ್ಷ ದಾಟಿದ ಪ್ರಕರಣಗಳಿಗೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಿತ್ತು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟರ ಹಂತಕ್ಕೆ ಬಂದಿದೆ. ನಮ್ಮಲ್ಲಿ ತುಮಕೂರು, ತಿಪಟೂರು, ಮಧುಗಿರಿ ಮೂರು ಉಪವಿಭಾಗ, ಹುಟ್ಟಿದ ಊರು ಯಾವುದಕ್ಕೆ ಸೇರುತ್ತದೋ ಅಲ್ಲಿ ವಿಚಾರಿಸಿ. ಹಳೆಯ ನಮೂದಿನ ತಾರೀಖು ಹೊಂದುತ್ತಿಲ್ಲವೆಂದು ಅದನ್ನು ಮುಚ್ಚಿಟ್ಟು ಹೊಸ ನೋಂದಣಿ ಮಾಡಿಸಲು ಮಾತ್ರ ಹೋಗಬೇಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ.

ದಾಖಲೆ ಅಸಲಿ ಎಂದು ಹೊರದೇಶಗಳಿಗೆ ದೃಢೀಕರಿಸಲು ಭಾರತದ ವಿದೇಶಾಂಗ ಸಚಿವಾಲಯ ಹಾಕುವ ಅಪೊಸ್ಟಿಲ್ ಮುದ್ರೆ ಹಲವು ದೇಶಗಳಲ್ಲಿ ನಡೆಯುತ್ತದೆ, ಜರ್ಮನಿಯಲ್ಲಿ ನಡೆಯುವುದಿಲ್ಲ. ಈ ಮುದ್ರೆಗೆ ಆಧಾರವಾದ ಹೇಗ್ ಒಪ್ಪಂದಕ್ಕೆ ಭಾರತ ಸೇರಿದ್ದಕ್ಕೆ ಜರ್ಮನಿ ಆಕ್ಷೇಪ ಹಾಕಿರುವುದರಿಂದ ಇವೆರಡು ದೇಶಗಳ ನಡುವೆ ಅದು ಜಾರಿಯಲ್ಲಿಲ್ಲ. ಏಜೆಂಟರು ದುಡ್ಡು ತೆಗೆದುಕೊಂಡು ಮುದ್ರೆ ಹಾಕಿಸಿಕೊಡುತ್ತಾರೆ, ಅಲ್ಲಿ ಅದಕ್ಕೆ ಬೆಲೆಯಿಲ್ಲ. ಅದರ ಬದಲು ಜರ್ಮನ್ ಕಚೇರಿ ತನ್ನ ದೂತಾವಾಸದ ಮೂಲಕ ದಾಖಲೆಯನ್ನು ಸ್ಥಳದಲ್ಲೇ ಪರಿಶೀಲಿಸಬಹುದು. ದೂತಾವಾಸ ನೇಮಿಸಿದ ವಕೀಲರು ಪತ್ರ ಕೊಟ್ಟ ಕಚೇರಿಗೇ ಹೋಗಿ ಮೂಲ ರಿಜಿಸ್ಟರ್ ತೆಗೆಸಿ ನೋಡುತ್ತಾರೆ. ಎರಡು ನಮೂದು ಸಿಕ್ಕರೆ, ಅಥವಾ ರಿಜಿಸ್ಟರಿಗೂ ಕೈಯಲ್ಲಿರುವ ಪ್ರತಿಗೂ ವ್ಯತ್ಯಾಸ ಕಂಡರೆ ಕಡತ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತದೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವವರಿಗೆ ಇದರ ಬಿಸಿ ಜೋರಾಗಿಯೇ ತಟ್ಟುತ್ತದೆ. ತಪ್ಪು ನಮೂದಿದ್ದರೆ ಕಾನೂನಿನ ಪ್ರಕಾರ ಅದನ್ನೇ ತಿದ್ದಿಸಬೇಕು.

ಪತ್ರಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಚ್ಚಾದ ರೂಪದಲ್ಲೇ ತೆಗೆಸಿ. ಜರ್ಮನಿಯಲ್ಲಿ ಪ್ರಮಾಣಿತ ಭಾಷಾಂತರಕಾರರಿಂದ ಅನುವಾದ ಮಾಡಿಸಬೇಕಾಗುತ್ತದೆ. ಇಂಗ್ಲಿಷಿನಿಂದ ಮಾಡುವವರು ಸುಲಭವಾಗಿ ಸಿಗುತ್ತಾರೆ, ಕನ್ನಡ ಬಲ್ಲವರು ಅಪರೂಪ.

ಅಲ್ಲಿಗೆ ಹೋದಮೇಲೆ ಮೊದಲ ಗಡುವು ಮನೆ ವಿಳಾಸದ ನೋಂದಣಿ, ಆನ್‌ಮೆಲ್ಡುಂಗ್. ಮನೆಗೆ ಸೇರಿದ 2 ವಾರದೊಳಗೆ ಆಗಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು, ಇವರು ಇಲ್ಲಿ ವಾಸಕ್ಕೆ ಬಂದಿದ್ದಾರೆ ಎಂದು ಮನೆ ಮಾಲೀಕರು ಬೇರೆಯೇ ಒಂದು ಪತ್ರಕ್ಕೆ ಸಹಿ ಹಾಕಿಕೊಡಬೇಕು. ಅದೇ ದಿನ ಅಂಚೆ ಡಬ್ಬಿಗೆ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಅಂಟಿಸಿ. ತೆರಿಗೆ ಸಂಖ್ಯೆ ಅಂಚೆಯಲ್ಲೇ ಬರುವುದು. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ, ಸಂಬಳದಲ್ಲಿ ತೆರಿಗೆ ಜಾಸ್ತಿ ಮುರಿದುಕೊಳ್ಳುತ್ತಾರೆ. ನಮ್ಮ ಡ್ರೈವಿಂಗ್ ಲೈಸೆನ್ಸ್ ವಾಸ ಶುರುವಾದ ಮೇಲೆ 6 ತಿಂಗಳು ನಡೆಯುತ್ತದೆ, ಆಮೇಲೆ ಅಲ್ಲಿನ ಲಿಖಿತ ಪರೀಕ್ಷೆ, ವಾಹನ ಪರೀಕ್ಷೆ ಎರಡೂ ಪಾಸಾಗಬೇಕು.

ವಾಸದ ಪರವಾನಗಿ ಪಾಸ್‌ಪೋರ್ಟಿನ ಅವಧಿ ಮೀರಿ ಸಿಗುವುದಿಲ್ಲ. ಆದ್ದರಿಂದ ಪಾಸ್‌ಪೋರ್ಟ್ ನವೀಕರಣ ಮೊದಲು, ಪರವಾನಗಿ ಆಮೇಲೆ. ಪರವಾನಗಿ ಮುಗಿಯುವ ಮುಂಚೆ ಅರ್ಜಿ ಕೊಟ್ಟಿದ್ದರೆ ತೀರ್ಮಾನ ಆಗುವವರೆಗೆ ಹಳೆಯದೇ ಮುಂದುವರಿದಂತೆ ಲೆಕ್ಕ. ಅದಕ್ಕೆ ಫಿಕ್ಷಿಯೋನ್ಸ್‌ಬೆಶೈನಿಗುಂಗ್ ಎಂಬ ಪತ್ರ ಕೇಳಿ ಪಡೆಯಿರಿ. ಮುಗಿದು ಒಂದು ದಿನ ಕಳೆದರೂ ಆ ರಕ್ಷಣೆ ಕೈತಪ್ಪಬಹುದು. ಬ್ಲೂ ಕಾರ್ಡ್, ಅಂದರೆ ಉನ್ನತ ಶಿಕ್ಷಣ ಪಡೆದು ಕೆಲಸಕ್ಕೆ ಬಂದವರಿಗೆ ಕೊಡುವ ವಾಸದ ಪರವಾನಗಿ, ಇದ್ದವರಿಗೆ ಕಾಯಂ ವಾಸಕ್ಕೆ 27 ತಿಂಗಳು, ಜರ್ಮನ್ ಭಾಷೆ ಬಿ1 ಎಂಬ ಮಧ್ಯಮ ಹಂತದಲ್ಲಿದ್ದರೆ 21 ತಿಂಗಳು. ಆ 6 ತಿಂಗಳ ಲಾಭಕ್ಕಾದರೂ ಭಾಷೆ ಕಲಿಯಿರಿ ಎನ್ನುತ್ತೇನೆ.

ಊರಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲದೆ ಬಂದು ಇರಬೇಕಾದವರು ಒಂದು ಲೆಕ್ಕ ಇಟ್ಟುಕೊಳ್ಳಬೇಕು. ಸಾಮಾನ್ಯ ಪರವಾನಗಿ 6 ತಿಂಗಳಿಗಿಂತ ಹೆಚ್ಚು ಜರ್ಮನಿಯ ಹೊರಗಿದ್ದರೆ ರದ್ದಾಗುತ್ತದೆ, ಬ್ಲೂ ಕಾರ್ಡಿಗೆ 12 ತಿಂಗಳು. ಇನ್ನೂ ಇರಬೇಕಾದರೆ ಗಡುವು ಮುಗಿಯುವ ಮುಂಚೆಯೇ ಅಲ್ಲಿನ ಕಚೇರಿಗೆ ಬರೆದು ಒಪ್ಪಿಗೆ ಪಡೆಯಬೇಕು.

ಇನ್ನು ಜಮೀನು. ತೆಂಗು, ಅಡಿಕೆ ತೋಟ ಇರುವ ಮನೆಗಳಲ್ಲಿ ಇದನ್ನು ಮೊದಲೇ ಕೂತು ಮಾತಾಡಬೇಕು. ಅನಿವಾಸಿ ಭಾರತೀಯರಾಗಲಿ, ಜರ್ಮನ್ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿದವರಾಗಲಿ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ವಾರಸುದಾರಿಕೆಯಲ್ಲಿ ಬಂದದ್ದನ್ನು ಮಾತ್ರ ಇಟ್ಟುಕೊಳ್ಳಬಹುದು. ಹಾಗಾಗಿ ವಿದೇಶದಲ್ಲಿರುವ ಮಗನಿಗೆ ತಂದೆ ತೋಟವನ್ನು ದಾನಪತ್ರ ಮಾಡಿಕೊಡುವುದು ಸರಿಯಾದ ದಾರಿಯಲ್ಲ. ತಂದೆಯ ನಂತರ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವ ಪೌತಿ ಖಾತೆ ಮಾಡಿಸುವಾಗ ನಾಡಕಚೇರಿಯ ವಂಶವೃಕ್ಷದಲ್ಲಿ ಹೊರಗಿರುವವರ ಹೆಸರು ಪಾಸ್‌ಪೋರ್ಟಿನಂತೆಯೇ ಬರಬೇಕು.

ಊರಿನ ಕಚೇರಿ ಕೆಲಸಕ್ಕೆ ಅಣ್ಣನಿಗೋ ತಂಗಿಗೋ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಕೊಡುವವರು ಜರ್ಮನಿಯಲ್ಲಿರುವ ಭಾರತೀಯ ದೂತಾವಾಸದ ಅಧಿಕಾರಿಯ ಎದುರಿಗೇ ಸಹಿ ಹಾಕಬೇಕು. ಜರ್ಮನ್ ನೋಟರಿ ಮತ್ತು ಅಪೊಸ್ಟಿಲ್ ದಾರಿ ಮೇಲೆ ಹೇಳಿದ ಕಾರಣಕ್ಕೇ ತುಳಿಯುವಂಥದ್ದಲ್ಲ. ಪತ್ರ ಕರ್ನಾಟಕಕ್ಕೆ ತಲುಪಿದ 3 ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಇಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದಂಡದ ಮಾತು ಬರುತ್ತದೆ. ಕೊರಿಯರ್ ಲಕೋಟೆ ಬಿಸಾಡದೆ ಜಿಪಿಎ ಜೊತೆಗೇ ಪಿನ್ ಮಾಡಿಡಲು ಮನೆಯವರಿಗೆ ಹೇಳಿ. ಪತ್ರ ಯಾವತ್ತು ಕೈಸೇರಿತು ಎಂಬುದಕ್ಕೆ ಅದರ ಮೇಲಿನ ತಾರೀಖೇ ಸಾಕ್ಷಿ.