ಲಾಟ್ ಸಂಖ್ಯೆಯೊಂದೇ ಸಾಕಾಗುವುದಿಲ್ಲ: ಪ್ರೈಮರಿ ಕೀ ಆರಿಸುವ ಬಗೆ

ರಾಯಚೂರಿನ ಹತ್ತಿ ದಲಾಲಿ ಅಂಗಡಿಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವುದು ನನ್ನ ಕೆಲಸ. ಕಲಿಯಲು ಬರುವವರಿಗೆ ಮೊದಲು ಅಂಗಡಿಯ ಲಾಟ್ (ಮಾರಾಟಕ್ಕೆ ಬಂದ ಹತ್ತಿಯ ಒಂದೊಂದು ರಾಶಿ) ಪುಸ್ತಕ ಕೊಟ್ಟು, ‘ಇದರಲ್ಲಿ ಒಂದು ಸಾಲು ಎಂದರೆ ಏನು?’ ಎಂದು ಕೇಳುತ್ತೇನೆ. ಅದಕ್ಕೆ ಉತ್ತರ ಹೇಳಬಲ್ಲವರಿಗೆ ಪ್ರೈಮರಿ ಕೀ, ಅಂದರೆ ಡೇಟಾಬೇಸ್ ಟೇಬಲ್ಲಿನ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ ಅಥವಾ ಕಾಲಂಗಳ ಗುಂಪು, ತಾನಾಗಿಯೇ ಸಿಗುತ್ತದೆ.

ನನ್ನ ಅಂಗಡಿಗಳಲ್ಲಿ ಲಾಟ್ ಸಂಖ್ಯೆ ದಿನವೂ 1ರಿಂದ ಶುರುವಾಗುತ್ತದೆ. ಲಾಟ್ 12 ಇಂದೂ ಉಂಟು, ನಾಳೆಯೂ ಉಂಟು, ಪಕ್ಕದ ಅಂಗಡಿಯಲ್ಲೂ ಉಂಟು. ಆದ್ದರಿಂದ ಅಂಗಡಿ, ದಿನಾಂಕ, ಲಾಟ್ ಸಂಖ್ಯೆ ಈ ಮೂರೂ ಸೇರಿದರೆ ಮಾತ್ರ ಒಂದು ಸಾಲನ್ನು ಖಚಿತವಾಗಿ ಗುರುತಿಸಬಹುದು. ಇದೇ ಕಾಂಪೋಸಿಟ್ ಕೀ. ಒಂದು ಟೇಬಲ್ಲಿಗೆ ಮೂರು ಪ್ರೈಮರಿ ಕೀ ಇವೆ ಎಂದು ತಿಳಿಯಬೇಡಿ. ಕೀ ಒಂದೇ, ಅದರಲ್ಲಿ ಕಾಲಂ ಮೂರು. ಬಿಡಿಬಿಡಿಯಾಗಿ ಯಾವುದು ಎಷ್ಟು ಸಲ ಬಂದರೂ ತೊಂದರೆಯಿಲ್ಲ, ಮೂರರ ಜೋಡಣೆ ಮರುಕಳಿಸಬಾರದು. ಮೂರರಲ್ಲಿ ಒಂದೂ ಖಾಲಿ ಇರಬಾರದು. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬಳಸುವವರು ಪ್ರತಿ ಕಾಲಂಗೂ ‘ನಾಟ್ ನಲ್’ (ಖಾಲಿ ಬಿಡುವಂತಿಲ್ಲ) ಎಂದು ಬರೆದೇಬಿಡಿ. ಅಲ್ಲಿ ಕೀ ಎಂದು ಹೇಳಿದ ಮಾತ್ರಕ್ಕೆ ಖಾಲಿ ನಮೂದು ತಡೆಯಾಗುವುದಿಲ್ಲ.

ಇನ್ನೂ ಭದ್ರವಾಗಲಿ ಎಂದು ಹಲವರು ರೈತರ ಹೆಸರನ್ನೂ ಕೀಗೆ ಸೇರಿಸುತ್ತಾರೆ. ಇದು ಭದ್ರತೆಯನ್ನೇ ಕಿತ್ತುಹಾಕುತ್ತದೆ. ಗುಮಾಸ್ತರು ಬೆಳಿಗ್ಗೆ ಲಾಟ್ 12ನ್ನು ‘ಮಲ್ಲಪ್ಪ’ ಎಂದು ಬರೆದಿರುತ್ತಾರೆ, ತೂಕದ ಹೊತ್ತಿಗೆ ಇನ್ನೊಬ್ಬರು ಅದೇ ಲಾಟನ್ನು ‘ಮಲ್ಲಪ್ಪ, ಮಾನ್ವಿ’ ಎಂದು ನಮೂದಿಸುತ್ತಾರೆ. ಹೆಸರು ಬೇರೆಯಾದ್ದರಿಂದ ಡೇಟಾಬೇಸ್ ಎರಡನ್ನೂ ಒಪ್ಪಿಕೊಳ್ಳುತ್ತದೆ, ಒಂದೇ ಹತ್ತಿಗೆ ಎರಡು ಹಣದ ಪಟ್ಟಿ ಹೊರಡುತ್ತದೆ. ಒಂದು ಕಾಲಂ ತೆಗೆದರೂ ಸಾಲು ಒಂಟಿಯಾಗಿಯೇ ಗುರುತಾಗುವುದಾದರೆ ಆ ಕಾಲಂ ಕೀಯಲ್ಲಿ ಇರಕೂಡದು. ಈ ಒಂದು ನಿಯಮದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಕಾಲಂಗಳ ಕ್ರಮವೂ ಮುಖ್ಯ. ಕೀ ಅಂಗಡಿಯಿಂದ ಶುರುವಾಗಿದ್ದರೆ ‘ಈ ಅಂಗಡಿಯ ಇಂದಿನ ಲಾಟುಗಳು’ ಬೇಗ ಸಿಗುತ್ತವೆ. ಬರೀ ದಿನಾಂಕ ಹಿಡಿದು ಹುಡುಕುವುದು ಹೆಚ್ಚಾದರೆ ಅದಕ್ಕೆ ಬೇರೆ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಬೇಕು.

ಪ್ರತಿ ಚೀಲದ ತೂಕ ಬರೆಯುವ ಟೇಬಲ್ ಬಂದಾಗ ಕಾಂಪೋಸಿಟ್ ಕೀಯ ಭಾರ ತಿಳಿಯುತ್ತದೆ. ಅಲ್ಲಿ ಫಾರಿನ್ ಕೀಯಾಗಿ, ಅಂದರೆ ಲಾಟ್ ಟೇಬಲ್ಲಿನ ಸಾಲನ್ನು ತೋರಿಸುವ ಕೊಂಡಿಯಾಗಿ, ಮೂರೂ ಕಾಲಂ ಹೋಗಬೇಕು, ಜೊತೆಗೆ ಚೀಲದ ಕ್ರಮಸಂಖ್ಯೆ. ಇದು ಬೇಡವೆನಿಸಿದರೆ ಲಾಟಿಗೆ ತಾನಾಗಿ ಏರುವ ಐಡಿ ಕೊಟ್ಟು ಅದನ್ನೇ ಪ್ರೈಮರಿ ಕೀ ಮಾಡಿ. ಆದರೆ ಆ ಮೂರು ಕಾಲಂಗಳ ಮೇಲೆ ‘ಯುನೀಕ್’ (ಜೋಡಣೆ ಮರುಕಳಿಸಬಾರದು ಎಂಬ) ನಿರ್ಬಂಧ ಹಾಕಲೇಬೇಕು. ಇಲ್ಲವಾದರೆ 501 ಮತ್ತು 502 ಎಂಬ ಎರಡು ಐಡಿಗಳ ಅಡಿಯಲ್ಲಿ ಒಂದೇ ಲಾಟ್ ಕುಳಿತಿರುತ್ತದೆ.

ಪಹಣಿಯ ಮಾಹಿತಿ ತುಂಬುವವರಿಗೂ ಇದೇ ಪರೀಕ್ಷೆ. ಸರ್ವೆ ಸಂಖ್ಯೆ 45 ಸಿಂಧನೂರು ತಾಲ್ಲೂಕಿನ ಎಷ್ಟೋ ಊರುಗಳಲ್ಲಿ ಇರಬಹುದು. ಊರಿನ ಸಂಕೇತ, ಸರ್ವೆ ಸಂಖ್ಯೆ, ಹಿಸ್ಸಾ (ಸರ್ವೆ ಸಂಖ್ಯೆಯ ಉಪಭಾಗ) ಒಟ್ಟಿಗೆ ಬೇಕು. ಊರಿನ ಹೆಸರಿನ ಬದಲು ಸಂಕೇತ ಬಳಸಿ, ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಹಳೆಯ ಮಾಹಿತಿಯ ಮೇಲೆ ಕೀ ಹಾಕುವ ಮುನ್ನ, ಆ ಕಾಲಂಗಳನ್ನು ‘ಗ್ರೂಪ್ ಬೈ’ ಮಾಡಿ (ಒಂದೇ ಬಗೆಯ ಸಾಲುಗಳನ್ನು ಗುಂಪುಗೂಡಿಸಿ) ಒಂದಕ್ಕಿಂತ ಹೆಚ್ಚು ಸಲ ಬಂದವನ್ನು ಪಟ್ಟಿ ಮಾಡಿ. ಸಿಕ್ಕ ಜೋಡಿಗಳನ್ನು ನೀವೇ ಅಳಿಸಬೇಡಿ. ಮುದ್ರಿಸಿ ಗುಮಾಸ್ತರ ಮುಂದಿಡಿ, ಯಾವ ಲಾಟಿನ ಹಣ ಯಾವ ರೈತರಿಗೆ ಸಂದಿದೆ ಎಂದು ಅವರೇ ಹೇಳಲಿ.