ಎದೆಹಾಲು ಕುಡಿಸಲು ನೆರವಾಗುವುದು ಹೇಗೆ? ಮೊದಲು ಸ್ಟೂಲ್ ಎಳೆದುಕೊಂಡು ಕೂರಿ

ನರ್ಸಿಂಗ್ ಮುಗಿಸಿದ ಹುಡುಗಿಯರು ಕೇಳುತ್ತಿರುತ್ತಾರೆ: 'ಬಾಣಂತಿಯರಿಗೆ ಹಾಲು ಕುಡಿಸುವುದನ್ನು ಹೇಳಿಕೊಡುವ ಕೆಲಸ ಮಾಡಬೇಕು ಮೇಡಂ, ಏನು ಓದಬೇಕು?' ಓದಿಗೇನು, ದಾರಿ ಇದೆ. ಕಷ್ಟ ಇರುವುದು ಮಂಚದ ಪಕ್ಕದಲ್ಲಿ. ಹೋದವರೇ ಮಗುವಿನ ತಲೆ ಹಿಡಿದು ಮೊಲೆಗೆ ಒತ್ತುತ್ತಾರೆ. ಮಗು ಕಿರುಚುತ್ತದೆ, ತಾಯಿ ಅಳುತ್ತಾಳೆ, ಸಂಜೆಗೆ ಪೌಡರ್ ಡಬ್ಬ ಬರುತ್ತದೆ.

ಮೊದಲು ಓದು. ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ ಮೂರು ವರ್ಷ, ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷ. ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ. ಹೆರಿಗೆ ವಿಷಯದಲ್ಲೇ ಮುಂದುವರಿಯುವವರಿಗೆ 2018ರ ಕೇಂದ್ರ ಮಾರ್ಗಸೂಚಿಯಂತೆ 18 ತಿಂಗಳ ಮಿಡ್‌ವೈಫರಿ (ಸೂಲಗಿತ್ತಿ ವಿದ್ಯೆ) ಕೋರ್ಸ್ ಇದೆ. ಎರಡು ದಿನ ಆನ್‌ಲೈನ್ ಪಾಠ ಕೇಳಿ 'ಕನ್ಸಲ್ಟೆಂಟ್' ಅಂತ ಬೋರ್ಡ್ ಹಾಕಿಕೊಳ್ಳಬೇಡಿ. ಕೈ ಪಳಗಲು ಮೈಸೂರಿನ ಚೆಲುವಾಂಬ, ಮಂಡ್ಯದ ಮಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯ ದೊಡ್ಡ ವಾರ್ಡೇ ಒಳ್ಳೆಯದು.

ಹೆರಿಗೆಗೆ ಮುಂಚೆ, ಚೆಕಪ್‌ಗೆ ಬಂದಾಗಲೇ ಮಾತು ಶುರು ಮಾಡಿ. ಗರ್ಭಿಣಿಯ ಜತೆ ಮಾತ್ರ ಅಲ್ಲ, ಪಕ್ಕದಲ್ಲಿ ಕೂತ ಅವಳ ತಾಯಿಯ ಜತೆಗೂ. ನಮ್ಮ ಕಡೆ ಮೊದಲ ಬಾಣಂತನ ತವರಿನಲ್ಲಿ ಅಲ್ವಾ? ಮದ್ದೂರಿನ ಯಾವುದೋ ಹಳ್ಳಿಯಲ್ಲಿ ರಾತ್ರಿ ಎರಡು ಗಂಟೆಗೆ ಮಗು ಅತ್ತರೆ ಕೇಳುವುದು ಅಜ್ಜಿಯನ್ನೇ, ನಿಮ್ಮನ್ನಲ್ಲ. ಆ ಅಜ್ಜಿಯ ಜತೆ ಸುಮ್ನೆ ಜಗಳಕ್ಕೆ ನಿಲ್ಲಬೇಡಿ. ಸಬ್ಬಸಿಗೆ ಸೊಪ್ಪಿನ ಸಾರು ಮಾಡಿ ಹಾಕಲಿ, ಬಿಡಿ. ಜೇನು ನೆಕ್ಕಿಸುವುದು, ಕತ್ತೆ ಹಾಲು ಕುಡಿಸುವುದು, ಬಾಣಂತಿಗೆ ನೀರು ಕೊಡದೆ ಒಣಗಿಸುವುದು, ಈ ಮೂರನ್ನು ಮಾತ್ರ ಹೇಗಾದರೂ ಮಾಡಿ ಬಿಡಿಸಿ. ಜೇನಿನಲ್ಲಿ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ರೋಗಾಣು ಇರಬಹುದು, ವರ್ಷ ತುಂಬುವ ತನಕ ಬೇಡ.

ಹುಟ್ಟಿದ ಒಂದು ಗಂಟೆಯೊಳಗೆ ಮಗು ತಾಯಿಯ ಬರಿ ಎದೆ ಮೇಲಿರಲಿ. ಸಿಸೇರಿಯನ್ ಆಗಿದ್ದರೆ ತಾಯಿ ಸುಧಾರಿಸಿಕೊಂಡ ಕೂಡಲೇ. ಹಳದಿ ಗಿಣ್ಣುಹಾಲು ಚೆಲ್ಲಬಾರದು.

ಈಗ ಮಗುವಿಗೆ ಮೊಲೆ ಕಚ್ಚಿಸುವುದು. ಇಲ್ಲಿ ಅವಸರ ಬೇಡ. ಸ್ಟೂಲ್ ಎಳೆದುಕೊಂಡು ಕೂರಿ, ಅವಳು ಹೇಗೆ ಕುಡಿಸುತ್ತಾಳೋ ಹಾಗೇ ಒಂದು ಸಲ ನೋಡಿ. ನಡುವೆ ಮಾತಾಡಬೇಡಿ, ಕೈ ಹಾಕುವುದಂತೂ ಬೇಡವೇ ಬೇಡ. ಆಮೇಲೆ ಅವಳ ಬೆನ್ನಿಗೆ ದಿಂಬು ಕೊಡಿ, ಅವಳು ಮಗುವಿನ ಮೇಲೆ ಬಗ್ಗಬಾರದು, ಮಗುವೇ ಅವಳ ಹತ್ತಿರ ಬರಬೇಕು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು, ಕಿವಿ-ಭುಜ-ಸೊಂಟ ಒಂದೇ ಗೆರೆಯಲ್ಲಿರಬೇಕು. ಕತ್ತು ಒಂದು ಕಡೆ ತಿರುಗಿಸಿ ನೀರು ಕುಡಿದು ನೋಡಿ, ಯಾಕೆ ಅಂತ ಗೊತ್ತಾಗುತ್ತದೆ. ಮೂಗು ತೊಟ್ಟಿನ ನೇರಕ್ಕಿರಲಿ. ತೊಟ್ಟಿನಿಂದ ಮೇಲ್ದುಟಿ ಸವರಿ, ಕಾಯಿರಿ. ಎಲ್ಲರೂ ಸೋಲುವುದು ಈ ಕಾಯುವುದರಲ್ಲೇ. ಬಾಯಿ ಅರೆಬರೆ ತೆರೆದಾಗಲೇ ತುರುಕಿದರೆ ತೊಟ್ಟು ಮಾತ್ರ ಸಿಗುತ್ತದೆ, ಹಾಲು ಬರುವುದಿಲ್ಲ, ತೊಟ್ಟು ಬಿರಿಯುತ್ತದೆ. ಆಕಳಿಸುವಷ್ಟು ಅಗಲ ಬಾಯಿ ತೆರೆದ ಆ ಗಳಿಗೆಗೆ ತಾಯಿಯೇ ಮಗುವನ್ನು ಎದೆಗೆ ಎಳೆದುಕೊಳ್ಳಬೇಕು, ಮಗುವಿನ ಗದ್ದ ಮೊದಲು ತಾಗುವ ಹಾಗೆ. ಅವಳ ಕೈ ಮಗುವಿನ ಭುಜದ ಹಿಂದೆ ಇರಲಿ, ತಲೆಯ ಹಿಂದೆ ಅಲ್ಲ. ತಲೆ ಒತ್ತಿದರೆ ಮಗು ಹಿಂದಕ್ಕೆ ಸೆಟೆಯುತ್ತದೆ.

ಸರಿಯಾಗಿ ಕಚ್ಚಿದ್ದರೆ ಕೆಳದುಟಿ ಹೊರಕ್ಕೆ ಮಡಚಿರುತ್ತದೆ, ಕೆನ್ನೆ ಗುಳಿ ಬೀಳುವುದಿಲ್ಲ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಮೇಲುಗಡೆ ಜಾಸ್ತಿ ಕಾಣುತ್ತದೆ. ನಿಧಾನಕ್ಕೆ ಚೀಪಿ, ನುಂಗಿ, ನಿಲ್ಲಿಸಿ ಮತ್ತೆ ಚೀಪುತ್ತದೆ. ನೋವು ನಿಲ್ಲದಿದ್ದರೆ ಎಳೆದು ಬಿಡಿಸಬೇಡಿ. ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿ ಬಿಡಿಸಿ, ಮತ್ತೆ ಮೊದಲಿನಿಂದ. ಮೂರ್ನಾಲ್ಕನೇ ದಿನ ಎದೆ ಕಲ್ಲಿನ ಹಾಗಾಗಿದ್ದರೆ ಮೊದಲು ಕೈಯಿಂದ ಸ್ವಲ್ಪ ಹಾಲು ಹಿಂಡಿ ಮೆತ್ತಗೆ ಮಾಡಿಕೊಳ್ಳಲಿ. ಅಂಗಡಿಯ 'ಹಾಲು ಹೆಚ್ಚಿಸುವ' ಪುಡಿಗಳಿಗೆ ದುಡ್ಡು ಸುರಿಯಬೇಡಿ ಅನ್ನಿ. ಮಗು ಸರಿಯಾಗಿ ಕಚ್ಚಿ ಕುಡಿದಷ್ಟೂ ಹಾಲು ಬರುತ್ತದೆ.

'ಹಾಲು ಸಾಲ್ತಾ ಇಲ್ಲ ಸಿಸ್ಟರ್' ಅನ್ನುವುದನ್ನು ದಿನಾ ಕೇಳುತ್ತೀರಿ. ಅಳು ನೋಡಿ ತೀರ್ಮಾನಿಸಬೇಡಿ, ಬಟ್ಟೆ ನೋಡಿ. ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ಕಪ್ಪು ಕಕ್ಕ ಹಳದಿಗೆ ತಿರುಗಿದ್ದರೆ ಹಾಲು ಸಾಲುತ್ತಿದೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವುದು ಸಹಜ. ತೂಕ ಮೊದಮೊದಲು ಸ್ವಲ್ಪ ಇಳಿಯುತ್ತದೆ. ಶೇ 10 ದಾಟಿದರೆ, ಮಗು ಎಬ್ಬಿಸಿದರೂ ಕುಡಿಯದಿದ್ದರೆ, ತಾಯಿಗೆ ಜ್ವರ ಬಂದು ಎದೆ ಕೆಂಪಾದರೆ ತಡಮಾಡದೆ ಡಾಕ್ಟರ್ ಹತ್ತಿರ ಕಳಿಸಿ. ಹಿಂಡಿದ ಹಾಲು ಕೊಡಬೇಕಾಗಿ ಬಂದರೆ ಅಜ್ಜಿಯ ಕಾಲದ ಒಳಲೆಯೇ (ಮಗುವಿಗೆ ಹಾಲು ಹಾಕುವ ಮೂತಿಯ ಪುಟ್ಟ ಬಟ್ಟಲು) ಸಾಕು, ತೊಳೆದು ಕುದಿಸುವುದು ಸುಲಭ. ಬಾಟಲಿ ಬೇಡ. ಪೌಡರ್ ಕಂಪನಿಯವರು ಕೊಡುವ ಸ್ಯಾಂಪಲ್, ಡೈರಿ, ಪೆನ್ನು ಕೂಡ ಮುಟ್ಟಬೇಡಿ, ಮಕ್ಕಳ ಹಾಲಿನ ಪುಡಿ ಬಗೆಗಿನ 1992ರ ಕಾನೂನೇ ಅದನ್ನು ನಿಷೇಧಿಸಿದೆ.

ಮನೆಗೆ ಹೋದ ಮೇಲೆ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಬರುತ್ತಾರೆ. ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಗಂಡನಿಗೆ ತೇಗು ಬರಿಸುವುದನ್ನು ಹೇಳಿಕೊಡಿ, ಅವನೂ ರಾತ್ರಿ ಏಳಲಿ.

ಐಬಿಸಿಎಲ್‌ಸಿ, ಅಂದರೆ ಎದೆಹಾಲು ಸಲಹೆಗಾರರ ಅಂತರರಾಷ್ಟ್ರೀಯ ಅರ್ಹತೆಯ ಪರೀಕ್ಷೆ ಕೊನೆಗಿರಲಿ. ಅದಕ್ಕೆ 95 ಗಂಟೆ ಪಾಠದ ಜತೆ, ನರ್ಸ್‌ಗಳ ದಾರಿಯಲ್ಲಿ ಹೋದರೆ, ಹಿಂದಿನ ಐದು ವರ್ಷದೊಳಗೆ 1000 ಗಂಟೆ ತಾಯಂದಿರ ಜತೆ ಮಾಡಿದ ಕೆಲಸ ಬೇಕು. ಆ ಗಂಟೆಗಳನ್ನು ಮೊದಲ ವಾರದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಆಮೇಲೆ ನೆನಪಿನಿಂದ ತುಂಬಲು ಆಗುವುದಿಲ್ಲ.