ಕ್ಯಾಮೆರಾ ಬ್ಯಾಗಿಗೆ ಏನು ಹಾಕಬೇಕು, ಏನು ಬಿಡಬೇಕು

ಹೊರಡುವ ಹಿಂದಿನ ರಾತ್ರಿ ಕ್ಯಾಮೆರಾ ಬ್ಯಾಗ್ ತುಂಬಲು ಕೂತರೆ ಎಲ್ಲವೂ ಬೇಕು ಅನ್ನಿಸುತ್ತದೆ. ಇದೂ ಇರಲಿ, ಅದೂ ಇರಲಿ, ಯಾವುದಕ್ಕೂ ಇರಲಿ. ಈ ‘ಯಾವುದಕ್ಕೂ ಇರಲಿ’ ಎಂಬ ಸಾಮಾನೇ ಬ್ಯಾಗಿನ ತೂಕ ಏರಿಸುವುದು. ಬೆಟ್ಟದ ಏರಿನಲ್ಲಿ ಉಸಿರು ಬಿಡುತ್ತಾ ನಿಂತವರಿಗೆ ಬ್ಯಾಗ್ ಇಳಿಸಿ, ಜಿಪ್ ಎಳೆದು, ಲೆನ್ಸ್ ಬದಲಿಸುವ ಉಮೇದು ಎಲ್ಲಿಂದ ಬರಬೇಕು? ಅದಕ್ಕೇ ಒಂದೊಂದು ಸಾಮಾನನ್ನೂ ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಸುಸ್ತಾಗಿರುವಾಗಲೂ ಇದನ್ನು ಹೊರಗೆ ತೆಗೆಯುತ್ತೇನಾ?

ಮೊದಲು ಚಿತ್ರ, ಆಮೇಲೆ ಸಾಮಾನು

ಒಂದು ಚೀಟಿಯಲ್ಲಿ ಯಾವ ಯಾವ ಚಿತ್ರ ಬೇಕು ಅಂತ, ಬಹಳ ಬೇಕಾದದ್ದು ಮೇಲೆ ಬರುವ ಹಾಗೆ ಬರೆಯಿರಿ. ಬೆಟ್ಟದ ಸಾಲು, ದಾರಿಯಲ್ಲಿ ಸಿಗುವ ಜನ, ರಾತ್ರಿಯ ಆಕಾಶ, ಹಕ್ಕಿ, ನೀರಿನ ಆಟ, ಹೀಗೆ. ಹಕ್ಕಿಯ ಹೆಸರು ಚೀಟಿಯ ಕೊನೆಯಲ್ಲಿ ಇದ್ದರೆ ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಟೆಲಿ ಲೆನ್ಸ್ ಮನೆಯಲ್ಲೇ ಇರಲಿ. ‘ಎಲ್ಲ ಥರದ್ದೂ ತೆಗೀತೀನಿ’ ಅನ್ನುವವರ ಬ್ಯಾಗೇ ಅತಿ ಭಾರ.

ಇನ್ನೊಂದು ಉಪಾಯವಿದೆ. ಹಳೆಯ ಪ್ರವಾಸದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆದು, ನಿಮಗೆ ಇಷ್ಟವಾದವು ಯಾವ ಫೋಕಲ್ ಲೆಂಗ್ತ್‌ನಲ್ಲಿ (ಮಿ.ಮೀ. ಲೆಕ್ಕದ ಈ ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಬಂದಿವೆ ನೋಡಿ. ಪ್ರತಿ ಫೋಟೊದ ಫೈಲಿನಲ್ಲೂ ಆ ಮಾಹಿತಿ ದಾಖಲಾಗಿರುತ್ತದೆ. ಬಹಳ ಜನರಿಗೆ ಇಲ್ಲಿ ಆಶ್ಚರ್ಯ ಕಾದಿರುತ್ತದೆ. ಆಸೆಪಟ್ಟು ಕೊಂಡ ಲೆನ್ಸಿನಲ್ಲಿ ತೆಗೆದವು ಬೆರಳೆಣಿಕೆಯಷ್ಟೂ ಇರುವುದಿಲ್ಲ.

ಬಾಡಿ: ಸೆನ್ಸರ್ ದೊಡ್ಡದಾದಷ್ಟೂ ಲೆನ್ಸೂ ದೊಡ್ಡದು

ಬಾಡಿ ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಅದರೊಳಗೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್ಪೇ ಸೆನ್ಸರ್, ಅದರಲ್ಲಿ ಬೇರೆ ಬೇರೆ ಅಳತೆಗಳಿವೆ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ಇರುತ್ತದೆ. ಎಪಿಎಸ್-ಸಿ ಸುಮಾರು 23.5×15.6, ಮೈಕ್ರೋ ಫೋರ್ ಥರ್ಡ್ಸ್ 17.3×13 ಮಿ.ಮೀ. ಬಾಡಿಗಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲದಿರಬಹುದು. ಅಸಲಿ ವ್ಯತ್ಯಾಸ ಗೊತ್ತಾಗುವುದು ಲೆನ್ಸಿನಲ್ಲಿ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 150 ಮಿ.ಮೀ. ಲೆನ್ಸ್ ಹಾಕಿದರೆ ಫುಲ್ ಫ್ರೇಮಿನ 300 ಮಿ.ಮೀ. ಲೆನ್ಸಿನಷ್ಟು ಹತ್ತಿರ ಕಾಣುತ್ತದೆ. ದಿನಗಟ್ಟಲೆ ಹೊತ್ತು ನಡೆಯುವವರಿಗೆ ಇದು ಸಣ್ಣ ಲಾಭವಲ್ಲ. ಆದರೆ ನಕ್ಷತ್ರ, ಮಬ್ಬು ಬೆಳಕು ನಿಮ್ಮ ಚೀಟಿಯ ಮೇಲ್ಸಾಲಿನಲ್ಲಿ ಇದ್ದರೆ ದೊಡ್ಡ ಸೆನ್ಸರ್ ಹೊರುವುದೇ ಸರಿ.

‘ವೆದರ್ ಸೀಲ್ಡ್’ ಅಂತ ಬರೆದಿದ್ದನ್ನು ‘ನೀರಿಗೆ ಬಿದ್ದರೂ ಪರವಾಗಿಲ್ಲ’ ಅಂತ ಓದಿಕೊಳ್ಳಬೇಡಿ. ತುಂತುರು, ದೂಳು ತಡೆಯಲು ಒಳಗೆ ರಬ್ಬರ್ ಕೊಟ್ಟಿದ್ದಾರೆ ಅಂತ ಅಷ್ಟೇ ಅದರ ಅರ್ಥ. ಬಾಡಿಗೆ ಸೀಲ್ ಇದ್ದು ಲೆನ್ಸಿಗೆ ಇಲ್ಲದಿದ್ದರೆ ಅದೂ ಕೆಲಸಕ್ಕೆ ಬರುವುದಿಲ್ಲ. ಲೆನ್ಸಿನ ಹಿಂಬದಿ ತಿರುಗಿಸಿ ನೋಡಿ. ಲೋಹದ ಬಳೆಯ ಸುತ್ತ ತೆಳ್ಳನೆ ರಬ್ಬರ್ ಅಂಚು ಕಾಣಬೇಕು. ನೀರಿನ ಆಟಕ್ಕೆ ಆ್ಯಕ್ಷನ್ ಕ್ಯಾಮೆರಾ ಬೇರೆಯೇ ಇರಲಿ. ಇವುಗಳಲ್ಲಿ ಕೆಲವು ಹೊರಕವಚ ಇಲ್ಲದೆಯೇ 10 ಮೀಟರ್ ಆಳದವರೆಗೆ ತಡೆಯುತ್ತವೆ. ಆದರೆ ಬ್ಯಾಟರಿ ಬಾಗಿಲಿನ ರಬ್ಬರಿಗೆ ಒಂದು ಕೂದಲು ಸಿಕ್ಕಿಕೊಂಡರೂ ಸಾಕು, ನೀರು ಒಳಗೆ ಇಳಿಯುತ್ತದೆ.

ಲೆನ್ಸ್: ಎರಡು ಸಾಕು

ಫುಲ್ ಫ್ರೇಮ್ ಇದ್ದರೆ 24–105 ಎಫ್ 4 ಥರದ ಒಂದು ಜೂಮ್ (ಫೋಕಲ್ ಲೆಂಗ್ತ್ ಬದಲಿಸಬಹುದಾದ ಲೆನ್ಸ್), ಜೊತೆಗೆ 35 ಎಫ್ 1.8 ಥರದ ಒಂದು ಹಗುರ ಪ್ರೈಮ್ (ಒಂದೇ ಫೋಕಲ್ ಲೆಂಗ್ತ್ ಇರುವುದು). ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಹಗಲಿಗೆ ಅದು, ಸಂಜೆಗೆ ಇದು. ಮೂರನೆಯದು ಬೇಕೇ ಬೇಕು ಅಂದರೆ 70–200, ಅದೂ ಎಫ್ 4 ಇರುವುದು. ಎಫ್ 2.8 ಇರುವ 70–200 ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕೆ.ಜಿ. ತೂಗುತ್ತದೆ. ಎಫ್ 4 ಆದರೆ ಹೆಚ್ಚುಕಮ್ಮಿ ಮುಕ್ಕಾಲು ಕೆ.ಜಿ. ಕಳೆದುಕೊಳ್ಳುವುದು ಒಂದು ಸ್ಟಾಪ್ ಬೆಳಕು ಮಾತ್ರ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು). ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ಐಎಸ್‌ಒ 800 ಇದ್ದದ್ದನ್ನು 1600 ಮಾಡಿದರೆ ಆಯಿತು.

ಟ್ರೈಪಾಡ್, ಫಿಲ್ಟರ್

ನಕ್ಷತ್ರ, ಜಲಪಾತ ಚೀಟಿಯಲ್ಲಿ ಇಲ್ಲ ಅಂದರೆ ಟ್ರೈಪಾಡ್ ಬಿಡಿ. ಇದ್ದರೆ ಕಾರ್ಬನ್ ಫೈಬರಿನದು ಹಗುರ. ನಡುಗಂಬ ಪೂರ್ತಿ ಎತ್ತಿ ನಿಲ್ಲಿಸಿದರೆ ಎಂಥ ಟ್ರೈಪಾಡೂ ಅಲುಗಾಡುತ್ತದೆ. ಗಾಳಿ ಇದ್ದಾಗ ಕೊಕ್ಕೆಗೆ ಬ್ಯಾಗ್ ತೂಗುಹಾಕಿ, ಆದರೆ ಬ್ಯಾಗಿನ ತಳ ನೆಲಕ್ಕೆ ತಾಗುತ್ತಿರಲಿ. ಇಲ್ಲದಿದ್ದರೆ ಬ್ಯಾಗೇ ತೂಗಾಡಿ ಟ್ರೈಪಾಡನ್ನೂ ಅಲುಗಿಸುತ್ತದೆ.

ಫಿಲ್ಟರ್ ಎರಡು ಸಾಕು. ನೀರಿನ, ಎಲೆಯ ಹೊಳಪು ಕಳೆಯಲು ಪೋಲರೈಸರ್ ಒಂದು, ಬೆಳಕು ತಗ್ಗಿಸುವ ಆರು ಸ್ಟಾಪಿನ ಎನ್‌ಡಿ ಒಂದು. ಆರು ಸ್ಟಾಪ್ ಅಂದರೆ ಬೆಳಕು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1/60 ಸೆಕೆಂಡಿನ ಶಟರ್ (ಬೆಳಕು ಒಳಗೆ ಬಿಡುವ ಸಮಯ) ಸುಮಾರು ಒಂದು ಸೆಕೆಂಡಿಗೆ ಬರುತ್ತದೆ, ಜಲಪಾತ ನೂಲಿನ ಹಾಗೆ ಇಳಿಯುತ್ತದೆ.

ಬ್ಯಾಟರಿ: ಲೇಬಲ್ ಓದಿ

ವಿಮಾನ ನಿಲ್ದಾಣದಲ್ಲಿ ಜಾಸ್ತಿ ತಕರಾರು ಆಗುವುದು ಇದರದ್ದೇ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕುವ ಹಾಗಿಲ್ಲ, ಕೈಬ್ಯಾಗಿನಲ್ಲೇ ಇಟ್ಟುಕೊಳ್ಳಬೇಕು. ಪವರ್ ಬ್ಯಾಂಕ್ ಕೂಡ ಬಿಡಿ ಬ್ಯಾಟರಿ ಲೆಕ್ಕವೇ. ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್‌ನಲ್ಲಿ ಸಿಬ್ಬಂದಿ ಕೂಡಲೇ ನೋಡಿ ಆರಿಸಬಹುದು. ಕೆಳಗಿನ ಲಗೇಜಿನ ಗೂಡಿಗೆ ಯಾರೂ ತಲುಪಲಾರರು.

ಮಿತಿ ಇರುವುದು ವ್ಯಾಟ್ ಅವರ್ ಲೆಕ್ಕದಲ್ಲಿ, ಅಂದರೆ ಬ್ಯಾಟರಿ ಹಿಡಿಸುವ ಶಕ್ತಿಯ ಲೆಕ್ಕದಲ್ಲಿ. 100 ವ್ಯಾಟ್ ಅವರ್‌ವರೆಗೆ ಅನುಮತಿ ಬೇಡ. 100ರಿಂದ 160ರ ನಡುವಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅಂಥ ಬಿಡಿ ಬ್ಯಾಟರಿ ಎರಡಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಅದಕ್ಕೂ ದೊಡ್ಡದು ಬೇಡವೇ ಬೇಡ. ಲೆಕ್ಕ ಸುಲಭ. ಬ್ಯಾಟರಿಯ ಮೇಲೆ 7.2 ವೋಲ್ಟ್, 2,000 ಎಂಎಎಚ್ ಅಂತ ಇದೆ ಅಂದುಕೊಳ್ಳಿ. 2,000 ಎಂಎಎಚ್ ಅಂದರೆ 2 ಆಂಪಿಯರ್ ಅವರ್. 7.2ನ್ನು 2ರಿಂದ ಗುಣಿಸಿದರೆ 14.4 ವ್ಯಾಟ್ ಅವರ್. ಕ್ಯಾಮೆರಾ ಬ್ಯಾಟರಿಗೆ ಚಿಂತೆಯೇ ಇಲ್ಲ. 20,000 ಎಂಎಎಚ್ ಪವರ್ ಬ್ಯಾಂಕ್ 3.7 ವೋಲ್ಟ್ ಲೆಕ್ಕದಲ್ಲಿ 74 ಆಗುತ್ತದೆ, ಅದೂ ಸರಿ. 30,000 ಎಂಎಎಚ್‌ನದು 111 ಆಗುತ್ತದೆ, ಅಲ್ಲಿ ತಕರಾರು ಶುರು. ಲೇಬಲ್ ಅಳಿಸಿಹೋದ ಪವರ್ ಬ್ಯಾಂಕನ್ನು ಮನೆಯಲ್ಲೇ ಬಿಡಿ, ಭದ್ರತಾ ಸಿಬ್ಬಂದಿ ತೆಗೆದಿಟ್ಟುಕೊಳ್ಳುವ ಸಾಧ್ಯತೆ ಇದೆ. ಎಷ್ಟು ಒಯ್ಯಬಹುದು, ಹಾರಾಟದಲ್ಲಿ ಬಳಸಬಹುದಾ ಎಂಬ ನಿಯಮ ಒಂದೊಂದು ಸಂಸ್ಥೆಯದ್ದು ಒಂದೊಂದು ಥರ. ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಿ.

ಬಿಡಿ ಬ್ಯಾಟರಿಗೆ ಕೊಟ್ಟಿರುವ ಪ್ಲಾಸ್ಟಿಕ್ ಮುಚ್ಚಳ ಕಳೆದುಹೋಗಿದ್ದರೆ ಲೋಹದ ತುದಿಗಳಿಗೆ ಟೇಪ್ ಅಂಟಿಸಿ. ಕೀಲಿಗೊಂಚಲು, ಚಿಲ್ಲರೆ ತಾಗಿದರೆ ಶಾರ್ಟ್ ಆಗುತ್ತದೆ.

ಚಳಿ ಜಾಗದಲ್ಲಿ ಬ್ಯಾಟರಿ ಬೇಗ ಕೈಕೊಡುತ್ತದೆ. ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುವುದೇ ಕಾರಣ, ಚಾರ್ಜ್ ಎಲ್ಲಿಗೂ ಹೋಗಿರುವುದಿಲ್ಲ. ಬಿಡಿ ಬ್ಯಾಟರಿಗಳು ಜಾಕೆಟ್ಟಿನ ಒಳಜೇಬಿನಲ್ಲಿ ಇರಲಿ. ಕ್ಯಾಮೆರಾದಲ್ಲಿ ಇರುವುದು ‘ಖಾಲಿ’ ಅಂದಾಗ ಬದಲಿಸಿ, ತೆಗೆದದ್ದನ್ನು ಮೈಗೆ ಹತ್ತಿರ ಇಟ್ಟುಕೊಳ್ಳಿ. ಬೆಚ್ಚಗಾದ ಮೇಲೆ ಅದು ಇನ್ನಷ್ಟು ಫೋಟೊ ಕೊಡುತ್ತದೆ. ಖಾಲಿ ಯಾವುದು, ತುಂಬಿದ್ದು ಯಾವುದು ಗೊತ್ತಾಗಲು ತುಂಬಿದ್ದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ.

ಕಾರ್ಡ್ ಮತ್ತು ನಕಲು

ಕಾರ್ಡಿನ ಮೇಲಿನ ವಿ30 ಅಂದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ ಅಂತ. ನಿಮ್ಮ ಕ್ಯಾಮೆರಾದ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ಇದ್ದರೆ ಅದನ್ನು 8ರಿಂದ ಭಾಗಿಸಿ. 12.5 ಮೆಗಾಬೈಟ್ ಬಂತು, ವಿ30 ಧಾರಾಳವಾಯಿತು. 400 ಮೆಗಾಬಿಟ್ ಇದ್ದರೆ 50 ಬರುತ್ತದೆ, ಆಗ ವಿ60 ಬೇಕು. ಸುಮ್ನೆ ದುಬಾರಿ ಕಾರ್ಡಿಗೆ ದುಡ್ಡು ಸುರಿಯಬೇಡಿ.

ಪ್ರತಿ ರಾತ್ರಿ ನಕಲು ತೆಗೆದು ಬೇರೆ ಬ್ಯಾಗಿನಲ್ಲಿಡಿ. ಎತ್ತರದ ಜಾಗಕ್ಕೆ ಹೋಗುವವರು ಎಸ್‌ಎಸ್‌ಡಿ (ಒಳಗೆ ತಿರುಗುವ ಭಾಗವೇ ಇಲ್ಲದ ಡಿಸ್ಕ್) ಒಯ್ಯುವುದು ಒಳ್ಳೆಯದು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವ ಮುಳ್ಳು ಗಾಳಿಯ ತೆಳುಪದರದ ಮೇಲೆ ತೇಲುತ್ತಿರುತ್ತದೆ. ಗಾಳಿ ತೆಳುವಾದರೆ ತಟ್ಟೆಗೆ ತಾಗುವ ಭಯ. ಇಂಥ ಹಲವು ಡಿಸ್ಕುಗಳನ್ನು ಸುಮಾರು 3,000 ಮೀಟರ್‌ವರೆಗೆ ಮಾತ್ರ ಬಳಸಲು ಹೇಳಿರುತ್ತಾರೆ.

ಬ್ಯಾಗ್ ಜೋಡಿಸುವ ಬಗೆ

ಕ್ಯಾಮೆರಾಕ್ಕೆಂದೇ ಮಾಡಿದ ಬ್ಯಾಗಿನಲ್ಲಿ ಬಟ್ಟೆ, ನೀರು, ಊಟಕ್ಕೆ ಜಾಗ ಕಮ್ಮಿ. ಒಳ್ಳೆ ಸೊಂಟಪಟ್ಟಿ ಇರುವ ಟ್ರೆಕ್ಕಿಂಗ್ ಬ್ಯಾಗ್ ತೆಗೆದುಕೊಂಡು, ಒಳಗೆ ಮೆತ್ತೆಯ ಕ್ಯಾಮೆರಾ ಪೆಟ್ಟಿಗೆ ಇಡುವುದು ನನ್ನ ಪ್ರಕಾರ ಮೇಲು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಎಷ್ಟೋ ವಿಮಾನ ಸಂಸ್ಥೆಗಳ ಕೈಬ್ಯಾಗಿನ ಮಿತಿ 7 ಕೆ.ಜಿ. ಹತ್ತುವ ಬಾಗಿಲಲ್ಲಿ ನಿಮ್ಮ ಬ್ಯಾಗನ್ನು ಕೆಳಗೆ ಹಾಕಿ ಅಂದರೆ, ಆ ಪೆಟ್ಟಿಗೆಯನ್ನು ಎಳೆದು ಕೈಯಲ್ಲಿ ಹಿಡಿದು ಹತ್ತಬಹುದು. ಬ್ಯಾಟರಿಗಳೂ ಅದರಲ್ಲೇ ಇರಲಿ. ಟ್ರೈಪಾಡ್, ವೈರು, ಉಪಕರಣಗಳು ಚೆಕ್-ಇನ್‌ಗೆ ಹೋಗಲಿ.

ಭಾರದ್ದು ಬೆನ್ನಿಗೆ ಒತ್ತಿಕೊಂಡು, ಭುಜದ ಮೂಳೆಗಳ ನಡುವಿನ ಎತ್ತರದಲ್ಲಿ ಇರಬೇಕು. ಭಾರ ಬೆನ್ನಿನಿಂದ ದೂರ ಸರಿದರೆ ಬ್ಯಾಗ್ ನಿಮ್ಮನ್ನು ಹಿಂದಕ್ಕೆ ಜಗ್ಗುತ್ತದೆ. ದೊಡ್ಡ ಲೆನ್ಸನ್ನು ಬಾಡಿಗೆ ಸಿಕ್ಕಿಸಿಯೇ ಒಯ್ಯಬೇಡಿ, ಗಾಡಿ ಕುಲುಕಿದಾಗಲೆಲ್ಲ ಆ ಪೆಟ್ಟು ಲೆನ್ಸ್ ಕೂರುವ ಮೌಂಟಿಗೆ ಬೀಳುತ್ತದೆ. ನಡೆಯುವಾಗ ಬಳಸುವ ಕ್ಯಾಮೆರಾ ಮಾತ್ರ ಬ್ಯಾಗಿನ ಒಳಗೆ ಇರಲೇಬಾರದು. ಹೆಗಲಪಟ್ಟಿಗೆ ಕ್ಲಿಪ್ ಹಾಕಿ ಅಲ್ಲಿ ಸಿಕ್ಕಿಸಿ. ಒಂದೇ ಕೈಯಲ್ಲಿ ಹೊರಗೆ ಬರಬೇಕು.

ಮಳೆಗೆ ಹೊರಗವಸು ಸಾಲದು, ನೀರು ಬೆನ್ನಿನ ಕಡೆಯಿಂದ ಇಳಿಯುತ್ತದೆ. ಬ್ಯಾಗಿನ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಉಳಿದದ್ದನ್ನು ತುಂಬಿ ಬಾಯಿ ಸುರುಳಿ ಸುತ್ತಿ.

ದೂಳು, ಉಪ್ಪು, ಇಬ್ಬನಿ

ಲೆನ್ಸ್ ಬದಲಿಸುವುದಕ್ಕೂ ಕ್ರಮವಿದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಕ್ಯಾಮೆರಾ ಆಫ್ ಮಾಡಿ. ಹಾಕಬೇಕಾದ ಲೆನ್ಸಿನ ಹಿಂಮುಚ್ಚಳ ಮೊದಲೇ ಸಡಿಲಿಸಿ ಇಟ್ಟುಕೊಳ್ಳಿ. ಬಾಡಿಯ ಬಾಯಿ ನೆಲದ ಕಡೆ ಇರುವಂತೆ ಹಿಡಿದು ಹಳೆಯದನ್ನು ತಿರುಗಿಸಿ ತೆಗೆಯಿರಿ, ಹೊಸದನ್ನು ಕೂಡಲೇ ಕೂರಿಸಿ. ಸೆನ್ಸರಿಗೆ ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್ ಒಂದು, ಮೈಕ್ರೋಫೈಬರ್ ಬಟ್ಟೆ ಎರಡು ಇದ್ದರೆ ಸಾಕು. ಸಮುದ್ರದ ಬದಿಯಿಂದ ಬಂದ ದಿನ ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಬಾಡಿ ಒರೆಸಿ, ಆಮೇಲೆ ಒಣಬಟ್ಟೆ ಆಡಿಸಿ.

ಕೊರೆಯುವ ಚಳಿಯಿಂದ ಬೆಚ್ಚನೆ ಕೋಣೆಗೆ ಕ್ಯಾಮೆರಾ ತಂದರೆ ಗಾಜಿನ ಮೇಲೂ ಒಳಗೂ ನೀರ ಹನಿ ಕೂರುತ್ತದೆ. ಎಸಿ ಕೋಣೆಯಿಂದ ಸೆಕೆಯ ಹೊರಗೆ ಹೋದರೂ ಇದೇ ಕತೆ. ಬಾಗಿಲು ದಾಟುವ ಮೊದಲೇ ಕ್ಯಾಮೆರಾವನ್ನು ಜಿಪ್ ಲಾಕ್ ಚೀಲಕ್ಕೆ ಹಾಕಿ, ಗಾಳಿ ಹೊರಡಿಸಿ, ಬಾಯಿ ಮುಚ್ಚಿ. ಹನಿ ಚೀಲದ ಹೊರಮೈ ಮೇಲೆ ಕೂರುತ್ತದೆ. ಕ್ಯಾಮೆರಾ ಕೋಣೆಯ ಬಿಸಿಗೆ ಬರಲು ಒಂದೆರಡು ಗಂಟೆ ಬೇಕು, ಅಲ್ಲಿಯವರೆಗೆ ತೆರೆಯಬೇಡಿ. ಕಾರ್ಡನ್ನು ಮಾತ್ರ ಚೀಲಕ್ಕೆ ಹಾಕುವ ಮುಂಚೆಯೇ ತೆಗೆದುಕೊಳ್ಳಿ. ದಿನದ ಫೋಟೊ ನೋಡುವ ಆತುರ ಯಾರನ್ನು ಬಿಟ್ಟಿದೆ ಹೇಳಿ.

ಹೊರಡುವ ಮುಂಚೆ

ತುಂಬಿದ ಬ್ಯಾಗ್ ಹೊತ್ತು ಒಂದು ಗಂಟೆ ಮೆಟ್ಟಿಲು ಹತ್ತಿ ಇಳಿಯಿರಿ. ಏನು ಕಮ್ಮಿ ಮಾಡಬೇಕು ಅಂತ ಹೆಗಲೇ ಹೇಳುತ್ತದೆ. ಬಾಡಿ, ಲೆನ್ಸುಗಳ ಸೀರಿಯಲ್ ನಂಬರಿನ ಫೋಟೊ ಫೋನಿನಲ್ಲಿ ಇರಲಿ, ಕಳುವಾದರೆ ದೂರು ಕೊಡಲು, ವಿಮೆ ಕೇಳಲು ಬೇಕಾಗುತ್ತದೆ. ಕೊನೆಯದಾಗಿ ಎಲ್ಲ ಕ್ಯಾಮೆರಾಗಳ ಗಡಿಯಾರವನ್ನೂ ಹೋಗುವ ಊರಿನ ಸಮಯಕ್ಕೆ, ಒಂದೇ ನಿಮಿಷಕ್ಕೆ ಹೊಂದಿಸಿ. ಇಲ್ಲದಿದ್ದರೆ ಬಂದ ಮೇಲೆ ಎರಡು ಕ್ಯಾಮೆರಾದ ಫೋಟೊಗಳನ್ನು ಸಾಲಾಗಿ ಜೋಡಿಸಲು ಹೋದಾಗ, ಬೆಟ್ಟದ ತುದಿಯ ಫೋಟೊ ಬುಡದ್ದಕ್ಕಿಂತ ಮೊದಲು ಬಂದು ಕೂತಿರುತ್ತದೆ.